ಆರು ಹೆಸರುಗಳ ಲೈಸೆನ್ಸ್

ಸರಸಂಬಾ ಗ್ರಾಮ

ಸಂಘದ ಅಧ್ಯಕ್ಷರೂ ನನ್ನ ಮಾವನವರೂ ಆದ ತಮಗೆ ಶರಣಾರ್ಥಿಗಳು.

ನಮ್ಮ ತೊಗರಿ ಸಂಘದ ಸಾಫ್ಟ್‌ವೇರ್ ಲೈಸೆನ್ಸನ್ನು ಈ ಸಲವೂ ನಿಮ್ಮೊಬ್ಬರ ಹೆಸರಿನಲ್ಲೇ ಕೊಳ್ಳಲು ಹೇಳಿದ್ದೀರಿ. ನಾನು ಕೊಳ್ಳುವುದಿಲ್ಲ. ನಿಮ್ಮನ್ನೂ ಸೇರಿಸಿ ಆಫೀಸಿನ ಆರು ಜನರಿಗೂ ಅವರವರದೇ ಹೆಸರು, ಪಾಸ್‌ವರ್ಡ್ ಕೊಡುವ ಪ್ಲ್ಯಾನ್ ಆರಿಸಿದ್ದೇನೆ. ಕಾಗದ ಇದರ ಜೊತೆಗಿದೆ, ಸಹಿ ಹಾಕಿ.

"ನಾವೆಲ್ಲಾ ಒಂದ ಮನಿಯವರಿದ್ದಂಗ, ಒಂದ ಹೆಸರು ಸಾಕಲ್ಲ ಬೇ" ಎಂದಿರಿ. ಹೋದ ವಾರ ರೈತರೊಬ್ಬರ ತೊಗರಿಯ ತೂಕ ತಪ್ಪಾಗಿ ದಾಖಲಾಯಿತೆಂದು ನಮ್ಮ ಆಫೀಸಿನ ಗಂಗುಬಾಯಿಯನ್ನು ಕೆಲಸದಿಂದ ಬಿಡಿಸಿದಿರಿ. ನಾವೆಲ್ಲರೂ ನಿಮ್ಮ ಹೆಸರಿನಲ್ಲೇ ಕಂಪ್ಯೂಟರ್ ತೆರೆಯುವಾಗ ತಪ್ಪು ಯಾರದೆಂದು ಹೇಗೆ ಗೊತ್ತಾಯಿತು? ಕಂಪ್ಯೂಟರನ್ನೇ ನಂಬುವುದಾದರೆ ಮನೆಗೆ ಹೋಗಬೇಕಾದವರು ನೀವು.

ಗಂಗುಬಾಯಿ ಸೋಮವಾರ ಕೆಲಸಕ್ಕೆ ಬರುತ್ತಾಳೆ. ಆರನೆಯ ಹೆಸರು ಅವಳದೇ.

ನಿಮಗೂ ಒಂದು ಪಾಸ್‌ವರ್ಡ್ ಬರುತ್ತದೆ. ಅದನ್ನು ನನಗೆ ಹೇಳಬೇಡಿ, ನನ್ನದನ್ನು ಕೇಳಬೇಡಿ.

ಮಾವನ ಹೆಸರು ಸೊಸೆಯ ಬಾಯಲ್ಲಿ ಬರಬಾರದೆಂದು ಮದುವೆಯಾದ ವಾರವೇ ಅತ್ತೆಯವರು ಹೇಳಿಕೊಟ್ಟರು. ಮನೆಯಲ್ಲಿ ಇವತ್ತಿಗೂ ಹಾಗೇ ನಡೆದುಕೊಳ್ಳುತ್ತೇನೆ. ಆಫೀಸಿನಲ್ಲಿ ಮಾತ್ರ ದಿನಾ ಬೆಳಿಗ್ಗೆ ಅದೇ ಹೆಸರನ್ನು ಟೈಪ್ ಮಾಡಿ ಕೆಲಸ ಶುರು ಮಾಡಬೇಕಿತ್ತು. ಇನ್ನು ಮಾಡುವುದಿಲ್ಲ. ನನಗೂ ಒಂದು ಹೆಸರಿದೆ.

ಭುವನೇಶ್ವರಿ
ಕಾರ್ಯದರ್ಶಿ