ಒಗೆಯುವ ಕಲ್ಲಿನ ಮೊದಲ ಸಾಲು

ಗಾಜಿಪುರ, ಕಲಬುರ್ಗಿ
ಬಹಮನ್ ೧೨, ಫಸಲಿ ೧೩೩೪
(ನಿಮ್ಮ ಧಾರವಾಡದಲ್ಲಿ ಡಿಸೆಂಬರ್ ನಡೆದಿರಬೇಕು)

ಪ್ರೀತಿಯ ತಂಗಿ ನೀಲಾ,

‘ಮೊಗಲಾಯಿ ಮಂದಿಗೆ ಕನ್ನಡ ಯಾವಾಗ ಬಂತು’ ಎಂದರೋ, ‘ಎಲ್ಲಿಂದ ಬರಬೇಕು’ ಎಂದರೋ? ನಿನ್ನ ಕಾಗದ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಊಟಕ್ಕೆ ಕೂತಾಗ ನಿನ್ನ ಭಾವ ನಮ್ಮ ನಿಜಾಮ ಸೀಮೆಯವರನ್ನು ಹೀಗೇನೋ ಅಂದರು, ನಿನ್ನ ಮಗಳೂ ನಕ್ಕಳು ಎಂಬುದಷ್ಟೇ ನೆನಪಿದೆ. ಮೊದಲು ಹೇಳು, ನಿನ್ನ ಮೊಣಕಾಲು ನೋವು ಹೇಗಿದೆ? ಮಗಳ ಕೆಮ್ಮು ನಿಂತಿತೇ? ನಾನು ಕ್ಷೇಮ. ಹಗಲೆಲ್ಲ ಕಚೇರಿಯಲ್ಲಿ ಉರ್ದು ಬರೆದು, ಸಂಜೆ ನಿನಗೆ ಕನ್ನಡದಲ್ಲಿ ಬರೆಯಲು ಕೂತರೆ ಕೈ ಬಲದಿಂದಲೋ ಎಡದಿಂದಲೋ ಎಂದು ಒಂದು ಕ್ಷಣ ತಡೆಯುತ್ತದೆ. ನಿನ್ನ ಭಾವನ ಮಾತಿನಲ್ಲಿ ಅಷ್ಟು ನಿಜ ಇದ್ದೀತು.

ಅವರಿಗೆ ಏನು ಉತ್ತರ ಕೊಡಬಹುದೆಂದು ಕೋಟೆಗೆ ಹೋದೆ. ಬುರುಜಿನ ಮೇಲಿನ ಉದ್ದ ತೋಪನ್ನು, ಆ ಹಳೆಯ ಫಿರಂಗಿಯನ್ನು, ಧೋತರದಿಂದ ಅಳೆದೆ. ಜೊತೆಗೆ ಬಂದಿದ್ದ ಡ್ರಾಯಿಂಗ್ ಮಾಸ್ತರ ಲಾಲ್ ಅಹ್ಮದ್, ‘ತೋಪಿಗಿ ಧೋತರ ಉಡಸ್ತೀರೇನ್ರೀ ಸಾಹೇಬ್ರ?’ ಎಂದು ನಕ್ಕ. ತೋಪು ಎಷ್ಟು ಉದ್ದವಿದ್ದರೂ ನಿನ್ನ ಭಾವನಿಗೆ ಅದು ಉತ್ತರವಲ್ಲ. ಆದರೂ ಸುಲ್ತಾನರ ಗುಮ್ಮಟಗಳ ನಡುವೆ ಮರಳುವಾಗ ಇವೂ ನಮ್ಮವೇ ಅನಿಸಿತು. ಯಾಕೆ ಹಾಗನಿಸಿತೆಂದು ಇನ್ನೂ ಯೋಚಿಸುತ್ತಿದ್ದೇನೆ.

ಆಮೇಲೆ ಕಮಲಾಪುರದ ನಮ್ಮ ಬಾವಿಯ ಕಲ್ಲು ನೆನಪಾಯಿತು. ನೀನು ಅರಿವೆ ಒಗೆಯುತ್ತಿದ್ದ ಕಲ್ಲು. ಅದರ ಮೇಲಿನ ಗೀರುಗಳನ್ನು ನಾವು ಬಳ್ಳಿ ಅಂದುಕೊಂಡಿದ್ದೆವಲ್ಲ. ಶುಕ್ರವಾರದ ರಜೆಗೆ ಲಾಲ್ ಅಹ್ಮದನ ಜೊತೆ ಚಕ್ಕಡಿಯಲ್ಲಿ ಹೋಗಿ, ಪಾಚಿ ಉಜ್ಜಿ, ಒದ್ದೆ ಕಾಗದ ಹಚ್ಚಿ, ಮಸಿ ಬಡಿದೆವು. ಶಂಕ್ರಮ್ಮ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು: ‘ಅಯ್ಯ ಗುರು, ನಲವತ್ತೈದು ವರ್ಷಕ್ಕ ಮೊದಲ ಸಲ ಒಗಿಯೋ ಕಲ್ಲಿಗಿ ಕೈ ಹಚ್ಚೀದಿ, ಅದೂ ಕಾಗದ ಒಗೀಲಿಕ್ಕ!’ ಕಾಗದದ ಮೇಲೆ ಅಕ್ಷರಗಳು ಎದ್ದವು. ಹಳಗನ್ನಡ. ಯಾರೋ ಕೆರೆಗೆ ಭೂಮಿ ಬಿಟ್ಟದ್ದು. ಅಷ್ಟು ನನಗೂ ಓದಲು ಬಂತು. ಆದರೆ ಬಿಟ್ಟವರು ಯಾರು, ಊರು ಯಾವುದು ಎಂದು ಹೇಳಬೇಕಾದ ಮೊದಲ ಸಾಲೇ ಇಲ್ಲ. ಅದನ್ನು ಸವೆಸಿದ್ದು ಯಾವ ದಂಡೂ ಅಲ್ಲ, ನಮ್ಮ ಮನೆಯ ಅರಿವೆಗಳು. ಊರಿನ ಹೆಸರೇ ಇಲ್ಲದ ಶಾಸನ ಕಳಿಸಿದರೆ ನಿನ್ನ ಭಾವ ಮತ್ತೊಮ್ಮೆ ನಗುತ್ತಾರೆ, ಜೊತೆಗೆ ಮಗಳೂ.

ನಿನ್ನ ಮನೆ ತಂಪಾಗಿರಲಿ. ಭಾವನಿಗೆ ನನ್ನ ಶರಣು ಹೇಳು; ಮುನಿಸಿಲ್ಲ.

ನಿನ್ನ ಅಣ್ಣ
ಗುರುಲಿಂಗಪ್ಪ

ಮರೆತಿದ್ದೆ: ಚಕ್ಕಡಿ ಹತ್ತುವಾಗ ಅತ್ತೆ ಹಿಂದಿನಿಂದ ಕೂಗಿದಳು. ‘ಮ್ಯಾಲಿನ ಸಾಲು ಹುಡುಕ್ತೀಯೇನು? ಅದು ಚಂದ ಐತಂತ ನಿಮ್ಮ ಆಯಿ ಹೊಸ್ತಿಲ ರಂಗೋಲಿಗಿ ಇಳಿಸಿದ್ಳು. ನಿಮ್ಮವ್ವ ಕಲ್ತಳು, ನೀಲಾ ಕಲ್ತಳು. ನನಗ ಬರಲಿಲ್ಲ.’ ಹಾಗಾದರೆ ಅಜ್ಜಿ ಇಳಿಸಿದ ಆ ಸಾಲು ನಿನ್ನ ಹೊಸ್ತಿಲಲ್ಲಿದೆ; ನಿನ್ನ ಭಾವ ದಿನಾ ಮುಂಜಾನೆ ಅದನ್ನೇ ದಾಟಿ ಹೊರಗೆ ಹೋಗುತ್ತಿರಬೇಕು. ಒಂದು ಸುಳಿಯನ್ನೂ ಬಿಡದೆ ಕಾಗದಕ್ಕೆ ಇಳಿಸಿ ಕಳಿಸು. ಬೇಡ, ನೀನಲ್ಲ, ಮಗಳ ಕೈಯಿಂದ ಬರೆಸು. ಅವಳಿಗೆ ಕಲಿಸಿದ್ದೀಯೇನು, ನೀಲಾ?