‘ಸಾರಿ’ ಎಂಬ ಒಂದೇ ಪದ

ಅಕ್ಕನ ಮನೆ
ಗುರುವಾರ, ಮಧ್ಯಾಹ್ನ

ಮೇಷ್ಟ್ರೇ,

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಇಡೀ ಹಾಳೆಗೆ ಒಂದೇ ಪದ: ‘ಸಾರಿ’. ಕೆಳಗೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಹಾಕುವಂಥ ಪೂರ್ತಿ ಸಹಿ! ಹೆಂಡತಿಗೆ ಬರೆಯುವ ರೀತಿಯೇ ಇದು? ತಲೆ ಚಚ್ಚಿಕೊಳ್ಳೋಣವೆಂದರೆ ಎಡಗಿವಿಗೆ ಕಟ್ಟು ಹಾಕಿದ್ದಾರೆ.

ನನ್ನ ಗ್ರಹಚಾರ ನೋಡಿ. ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಿಂದ ಈ ವಾರ ತಿದ್ದಲು ಕಳಿಸಿದ ಹಾಳೆಗಳಲ್ಲೂ ಅದೇ ಪದ ವಕ್ಕರಿಸಿದೆ. ಸಂಪಾದಕರು ಫೋನಿನಲ್ಲಿ, “ಕ್ಷಮಿಸಿ ಅಂತ ಬರೆದು ಮುಗಿಸಮ್ಮ, ಅದಕ್ಕೇನು ಪುರಾಣ?” ಎಂದು ಕೂಗಿದರು. ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಆ ಪದ ಹುಟ್ಟಿದ್ದು ಗಾಯ, ನೋವು ಎಂಬ ಅರ್ಥದ ಹಳೆಯ ಪದದಿಂದ. ಮೊದಮೊದಲು ಅದನ್ನು ಆಡಿದವರು ಕ್ಷಮೆ ಕೇಳುತ್ತಿರಲಿಲ್ಲ, ನನಗೆ ನೋಯುತ್ತಿದೆ ಎನ್ನುತ್ತಿದ್ದರು. ಈಗ ಬಸ್ಸಿನಲ್ಲಿ ಕಾಲು ತುಳಿದರೂ ಅದೇ, ಮಾತು ಕೇಳಿಸದಿದ್ದರೂ ಅದೇ.

ನಮ್ಮ ಮನೆಯಲ್ಲಂತೂ ಅದು ನೆಲ ಒರೆಸುವ ಬಟ್ಟೆ. ಹಾಲು ಉಕ್ಕಿದರೆ ಸಾರಿ, ಬೀಗದ ಕೈ ಕಳೆದರೆ ಸಾರಿ. ದಿನಕ್ಕೆ ಹತ್ತು ಸಾರಿ ‘ಸಾರಿ’! ಆಪರೇಷನ್ ದಿನ ಎಂಟಕ್ಕೆಲ್ಲ ನನ್ನ ಪಕ್ಕದಲ್ಲಿರುತ್ತೇನೆಂದು ಸಾರಿ ಸಾರಿ ಹೇಳಿದವರು ನೀವೇ ತಾನೆ? ನೀವು ಸಹಿ ಹಾಕಬೇಕಾದ ಕಾಗದಕ್ಕೆ ಅಕ್ಕ ಹಾಕಿದಳು. ನನ್ನನ್ನು ಮಲಗಿಸಿ ತಳ್ಳಿಕೊಂಡು ಹೋಗುವಾಗಲೂ ಕತ್ತು ಹೊರಳಿಸಿ ಬಾಗಿಲ ಕಡೆ ನೋಡುತ್ತಿದ್ದೆ. ಡಾಕ್ಟರು, “ಯಾರನ್ನ ಹುಡುಕ್ತಿದ್ದೀರಿ?” ಎಂದರು. “ಯಾರನ್ನೂ ಇಲ್ಲ” ಎಂದೆ. ಆ ಸುಳ್ಳಿನ ಪಾಪ ನಿಮ್ಮ ತಲೆಗೆ.

ಇಪ್ಪತ್ತೆರಡು ವರ್ಷದಿಂದ ಲೆಕ್ಕ ಕಲಿಸುತ್ತಿದ್ದೀರಿ. ಹಂತ ಬರೆಯದೆ ಬರೀ ಉತ್ತರ ಬರೆದ ಮಕ್ಕಳಿಗೆ ಸೊನ್ನೆ ಸುತ್ತುತ್ತೀರಿ. ನನಗೆ ಮಾತ್ರ ಬರೀ ಉತ್ತರವೇ? ಯಾಕೆ ಬರಲಿಲ್ಲ, ಏನಾಯಿತು, ಬಿಡಿಸಿ ಬರೆಯಿರಿ. ಬೈಯುವುದನ್ನು ಆಮೇಲೆ ನೋಡಿಕೊಳ್ಳುತ್ತೇನೆ.

ಸಿಟ್ಟಿನ್ನೂ ಇಳಿಯದ,
ನಿಮ್ಮವಳು

ವಿ.ಸೂ.: ಆ ದಿನ ನೀವು ಬೆಳಿಗ್ಗೆಯಿಂದ ಸಂಜೆಯವರೆಗೆ ಆಸ್ಪತ್ರೆಯ ಕೆಳಗಿನ ಬೆಂಚಿನ ಮೇಲೆ ಕೂತಿದ್ದದ್ದು ನನಗೆ ಗೊತ್ತು. “ಮೇಲೆ ಬನ್ನಿ ಅಂದ್ರೆ, ಭಯಕ್ಕೆ ಕಾಲೇ ಏಳ್ತಿಲ್ಲ ಅಂದ್ರು ಪಾಪ” ಎಂದು ನರ್ಸ್ ಅವತ್ತೇ ಹೇಳಿದ್ದರು. ನಿಮ್ಮ ಬಾಯಿಂದಲೇ ಬರಲಿ ಎಂದು ಹತ್ತು ದಿನ ಕಾದೆ. ಶನಿವಾರ ಹನ್ನೊಂದಕ್ಕೆ ಕಟ್ಟು ಬಿಚ್ಚುತ್ತಾರೆ, ಎರಡನೇ ಮಹಡಿಯಲ್ಲಿ. ಆಗಲೂ ಕಾಲು ಏಳದಿದ್ದರೆ ಹೇಳಿ ಕಳಿಸಿ, ನಾನೇ ಇಳಿದು ಬರುತ್ತೇನೆ.