ಪೀಪಾಯಿಗೆ ಹಾಕಿದ ಕೈ

ಲೋಮಾ ಗ್ರಾಂದೆ, ಕಾರ್ಚಿ
ಮೇ 15, 2003, ಗುರುವಾರ

ಪ್ರೀತಿಯ ಅಣ್ಣ ಓಲ್ಮೆದೋ,

ಇಬಾರ್ರಾದ ಬಿಸಿಲು ನಿನಗೆ ಒಗ್ಗಿದೆಯೇ? ಯಾದಿರಾ ಅತ್ತಿಗೆಯ ಸೊಂಟನೋವು ಕಡಿಮೆಯಾಯಿತೇ? ಬಿಸಿನೀರಿನ ಶಾಖ ಬಿಡಬಾರದೆಂದು ಅಮ್ಮ ಹೇಳಿಕಳಿಸಿದ್ದಾಳೆ. ನೀವು ಅಮ್ಮನ ಬಳಿ ಬಿಟ್ಟಿರುವ ನಿಮ್ಮ ಮಗಳು ಮೆಲಿದಾ ಚೆನ್ನಾಗಿದ್ದಾಳೆ. ಎರಡು ಹಲ್ಲು ಹೊಸದಾಗಿ ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ಇನ್ನು ನಿನ್ನ ಬಲಗೈ ಹೇಗಿದೆ? ಕೊಂಕು ಮಾತಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ ನೀನು ಕೆಲಸ ಮಾಡುವ ಕೀಟನಾಶಕದ ಅಂಗಡಿಯ ಹೊಸ ಟೋಪಿ ಹಾಕಿಕೊಂಡು ನಮ್ಮ ಆಲೂಗಡ್ಡೆ ಹೊಲಕ್ಕೆ ಬಂದು, ಊರ ಗಂಡಸರೆಲ್ಲರ ಎದುರು ಔಷಧದ ಪೀಪಾಯಿಗೆ ಮೊಣಕೈವರೆಗೆ ಅದ್ದಿ ಕಲಕಿದೆಯಲ್ಲ, ಆ ಕೈ. "ನೋಡಿ, ನನ್ನ ಕೈ ಉದುರಿಹೋಯ್ತಾ? ಹೊಸ ಔಷಧ ಸ್ವಾಮೀ ಇದು, ಹುಳಕ್ಕೆ ಮಾತ್ರ ವಿಷ" ಎಂದು ನೀನು ಹೇಳಿದ್ದು, ಎಲ್ಲರೂ ಚಪ್ಪಾಳೆ ತಟ್ಟಿದ್ದು ನನಗೆ ನೆನಪಿದೆ. ಆಗ ನನಗೆ ಹದಿನಾರು. ನಾನೂ ತಟ್ಟಿದ್ದೆ.

ಅಪ್ಪನ ಸುದ್ದಿಗೆ ಬರುತ್ತೇನೆ. ಸೂಪಿನ ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ ಚೆಲ್ಲುತ್ತದೆ. ಕಳೆದ ವಾರ ನನ್ನ ಹೆಸರು ನೆನಪಾಗದೆ "ಇವಳೇ, ಇವಳೇ" ಎಂದು ಕರೆದ. ಆರೋಗ್ಯ ಕೇಂದ್ರದ ನರ್ಸ್ ಸೆನೈದಾ ರಕ್ತ ಪರೀಕ್ಷೆ ಮಾಡಿಸಿದಳು. ಮೈಯಲ್ಲಿ ವಿಷ ಎಷ್ಟು ತುಂಬಿದೆಯೆಂದರೆ, ಈ ಬೆಳೆಗೂ ಬರಿಗೈಯಲ್ಲಿ ಸಿಂಪಡಿಸಿದರೆ ಹೊಲದಿಂದ ಎತ್ತಿಕೊಂಡೇ ಬರಬೇಕಾಗುತ್ತದೆ ಎಂದು ಅವಳು ಅಪ್ಪನ ಮುಖ ನೋಡಿಯೇ ಹೇಳಿದಳು. ಅಪ್ಪ ತಲೆಯಾಡಿಸಿದ, ಎದ್ದು ಬಂದ, ಮರುದಿನ ಮತ್ತೆ ಪೀಪಾಯಿಗೆ ತೋಳು ಇಳಿಸಿದ. ಕಲಕಲು ಕೋಲಿದೆ, ಓಲ್ಮೆದೋ. ಪೀಪಾಯಿಯ ಪಕ್ಕದಲ್ಲೇ ಬಿದ್ದಿರುತ್ತದೆ.

ಸೆನೈದಾ ಕೊಟ್ಟ ಕಿರುಹೊತ್ತಿಗೆಗಳನ್ನೆಲ್ಲ ನಾನು ಓದಿದ್ದೇನೆ. ನೀನು ನಗುತ್ತೀಯ, ಗೊತ್ತು. "ನಮ್ಮ ಹೆರ್ಮಾನಿಯಾ ನಾಲ್ಕು ಪುಟ ಓದಿ ನಾಡು ತಿದ್ದೋಕೆ ಹೊರಟಳು" ಅಂತ ಹೋದ ಕ್ರಿಸ್ಮಸ್ಸಿನಲ್ಲಿ ಅಂದಿದ್ದೆ. ಆ ನಾಲ್ಕು ಪುಟದಲ್ಲಿ ಇರುವುದು ಇಷ್ಟೇ: ವಿಷ ಮೂಗಿನಿಂದ ಮಾತ್ರ ಒಳಗೆ ಹೋಗುವುದಿಲ್ಲ, ಚರ್ಮದಿಂದಲೂ ಹೋಗುತ್ತದೆ. ನಮ್ಮೂರಿನಲ್ಲಿ ವಾಸನೆ ಬಂದರೆ ಮಾತ್ರ ವಿಷ. ಮೂಗಿಗೆ ಕರವಸ್ತ್ರ ಕಟ್ಟಿ, ಅದರೊಳಗೆ ನಿಂಬೆಸಿಪ್ಪೆ ಇಟ್ಟುಕೊಂಡರೆ ಮುಗಿಯಿತು, ಬೆನ್ನಿನ ಪಂಪು ಸೋರಿ ಚಡ್ಡಿ ನೆನೆದರೂ ಚಿಂತೆಯಿಲ್ಲ. ವಾಂತಿ ಮಾಡಿಕೊಂಡವನನ್ನು "ಹೋಗೋ, ಹಾಲು ಕುಡಿದು ಮಲಕ್ಕೋ ಕಂದಾ" ಎಂದು ಅಣಕಿಸುತ್ತಾರೆ. ಪಾಲಿಗೆ ಉಳುವ ಭೂಮಿ ಯಜಮಾನನದು, ವಿಷ ನಿನ್ನ ಅಂಗಡಿಯದು, ಬೆನ್ನು ಮಾತ್ರ ನಮ್ಮದು. ನಿನ್ನ ಕಂಪನಿ ಊರಿಗೆಲ್ಲ ಟೋಪಿ ಹಂಚಿತು, ಕ್ಯಾಲೆಂಡರ್ ಹಂಚಿತು. ಒಂದು ಜೊತೆ ಕೈಗವಸು ಹಂಚಿತಾ? ಒಂದು?

ಹೋದ ತಿಂಗಳು ಸೆನೈದಾ ಒಂದು ಪುಡಿ ತಂದಳು. ಕಣ್ಣಿಗೆ ಕಾಣದ ಪುಡಿ, ನೇರಳೆ ದೀಪ ಹಿಡಿದರೆ ಮಾತ್ರ ಹೊಳೆಯುತ್ತದೆ. ಅಪ್ಪನನ್ನು ಒಪ್ಪಿಸಿ ಅವನ ಪಂಪಿಗೆ ಹಾಕಿದಳು. ಆಲೂಗಡ್ಡೆಯ ಅಂಗಮಾರಿ ರೋಗಕ್ಕೆ ಔಷಧ ಸಿಂಪಡಿಸಿ, ಮನೆಗೆ ಬಂದು, ಕೈ ತೊಳೆದು, ಉಂಡು ಕೂತ ಮೇಲೆ, ಮಟಮಟ ಮಧ್ಯಾಹ್ನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ದೀಪ ಹಚ್ಚಿದೆವು. ಅಕ್ಕಪಕ್ಕದವರೆಲ್ಲ ತಮಾಷೆ ನೋಡಲು ಬಂದಿದ್ದರು. ಅಪ್ಪನ ತೋಳು, ಬೆನ್ನು, ಸೊಂಟ ಎಲ್ಲ ಹೊಳೆದವು. "ಏನೋ ಅಬ್ದೋನ್, ಮಿಂಚುಹುಳ ಆಗಿಬಿಟ್ಯಲ್ಲೋ! ಇನ್ಮೇಲೆ ನಿನ್ನ ಮನೆಗೆ ಕರೆಂಟೇ ಬೇಡ" ಎಂದು ಪಕ್ಕದ ಮನೆಯ ಲಿಸಾಂದ್ರೋ ಕೂಗಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸೆನೈದಾ ದೀಪವನ್ನು ಹಾಗೇ ತಿರುಗಿಸಿದಳು. ಕುರ್ಚಿಯ ಕೈ ಹೊಳೆಯಿತು. ಸೂಪಿನ ಸೌಟು ಹೊಳೆಯಿತು. ಬಟ್ಟೆ ಒಗೆದ ಅಮ್ಮನ ಮುಂಗೈ ಹೊಳೆಯಿತು. ಆಮೇಲೆ ಅಮ್ಮನ ಕಾಲ ಬಳಿ ಕೂತಿದ್ದ ಮೆಲಿದಾಳ ತಲೆ. ನೆತ್ತಿಯ ಮೇಲೆ ಐದು ಬೆರಳು, ಅಣ್ಣ, ಒಂದೊಂದೂ ಬಿಡಿಯಾಗಿ ಎಣಿಸುವ ಹಾಗೆ. ಹೊಲದಿಂದ ಬಂದವನು ಮೊದಲು ಮಾಡುವ ಕೆಲಸ ಅದೇ ತಾನೇ, ಮೊಮ್ಮಗಳ ತಲೆ ಸವರುವುದು. ಲಿಸಾಂದ್ರೋ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಂದಿನಿಂದ ಅಪ್ಪ ಮೆಲಿದಾಳನ್ನು ಮುಟ್ಟುವುದಿಲ್ಲ. ಅವಳು ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿ ಅಳುತ್ತಾಳೆ. ಅವನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಾನೆ. ನಾವು ಹೆಂಗಸರು ಹಬ್ಬದಡುಗೆಗೆಂದು ಸಾಕಿದ್ದ ಗಿನಿಹಂದಿಗಳನ್ನು ಮಾರಿ ಮೂರು ಜೊತೆ ರಬ್ಬರ್ ಕೈಗವಸು, ಮೇಲಂಗಿ, ಮುಖವಾಡ ತರಿಸಿದೆವು. ಲಿಸಾಂದ್ರೋ ಒಂದು ದಿನ ಹಾಕಿಕೊಂಡ. ಮರುದಿನ ಅಪ್ಪನ ಬರಿತೋಳು ನೋಡಿ ಬಿಚ್ಚಿಟ್ಟ. ಊರಿನವರಿಗೆಲ್ಲ ಅಪ್ಪನ ತೋಳೇ ಪ್ರಮಾಣಪತ್ರ. ಅಪ್ಪನ ಕೈಗವಸು ಮೊಳೆಯಲ್ಲಿ ನೇತಾಡುತ್ತಿದೆ. ನಾನು ಸುಮ್ಮನಿರಲಿಲ್ಲ. "ಮೊಮ್ಮಗಳಿಗಿಂತ ನಿನಗೆ ನಿನ್ನ ಗಂಡಸುತನ ಹೆಚ್ಚಾಯ್ತಾ? ಕತ್ತೆಗಾದರೂ ಮುಳ್ಳು ಚುಚ್ಚಿದರೆ ಬುದ್ಧಿ ಬರುತ್ತೆ!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. "ಓಲ್ಮೆದೋ ಹಾಕಿದ ಕೈ, ನಾನೂ ಹಾಕ್ತೀನಿ. ಸುಮ್ನಿರೇ ತಾಯಿ" ಎಂದ. ಅಷ್ಟೇ. ಎಷ್ಟು ಕೆಣಕಿದರೂ ಅಷ್ಟೇ.

ಅದಕ್ಕೇ ಈ ಪತ್ರ. ನೀನು ಓದಿದವನು, ಅಂಗಡಿಯವರು ನಿನ್ನನ್ನು ಇಂಜಿನಿಯರ್ ಎನ್ನುತ್ತಾರೆ, ಅಪ್ಪನಂತೂ ನಿನ್ನ ಮಾತನ್ನು ಪಾದ್ರಿಯ ಮಾತಿಗಿಂತ ಮೇಲೆ ಇಟ್ಟಿದ್ದಾನೆ. ಎರಡು ಸಾಲು ಬರೆ. ಕೈಗವಸು ಹಾಕಿಕೋ ಅಪ್ಪಾ, ನಾನು ಅಂದು ಮಾಡಿದ್ದು ಹುಚ್ಚುತನ, ಎಂದು ಬರೆ. ಕೆಳಗೆ ಅಂಗಡಿಯ ಮೊಹರು ಹಾಕು, ಅದನ್ನು ನೋಡಿದರೆ ಈ ಊರಿನವರು ನಂಬುತ್ತಾರೆ. ನಿನ್ನ ಕೆಲಸಕ್ಕೆ ಕುತ್ತು ಬರಬಹುದು. ಬರಲಿ. ಅಪ್ಪನಿಗೆ ಬಂದಿರುವ ಕುತ್ತಿಗಿಂತ ಅದು ದೊಡ್ಡದಲ್ಲ.

ಅಮ್ಮ ನಿಮ್ಮಿಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ. ಅತ್ತಿಗೆಗೆ ನನ್ನ ನೆನಪು. ಮೆಲಿದಾಳ ಮುತ್ತು, ಜೊಲ್ಲಿನ ಸಮೇತ.

ಸಿಟ್ಟಿನಿಂದ, ಆದರೂ ನಿನ್ನ ತಂಗಿ,
ಹೆರ್ಮಾನಿಯಾ

ಮರೆತ ಮಾತು: ಪತ್ರ ಒಯ್ಯುವ ಹಾಲಿನ ಲಾರಿ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸುವ ಮೊದಲು ಅಮ್ಮನಿಗೆ ಪತ್ರ ಓದಿ ಹೇಳಿದೆ. ಅವಳು ಸುಲಿಯುತ್ತಿದ್ದ ಆಲೂಗಡ್ಡೆಯನ್ನು ಕೆಳಗಿಟ್ಟು ಅಂದಳು: "ಅದು ಬರೀ ನೀರು ಕಣೇ. ಬಣ್ಣ ಹಾಕಿದ ನೀರು. ಅವತ್ತು ಪೀಪಾಯಿ ತುಂಬಿದೋನು ನಿಮ್ಮಪ್ಪನೇ. ನಿಮ್ಮಣ್ಣ ಕಾಲುವೇಲಿ ಔಷಧದ ಬಾಟ್ಲಿ ತೊಳೆದು ಬಟ್ಟೆಗೆ ಹಾಕೋ ನೀಲಿ ತುಂಬಿದ್ದನ್ನ ಅವರು ಕಣ್ಣಾರೆ ನೋಡಿದ್ರು." ಅದಾದ ಮೇಲಿನ ಸೋಮವಾರ ನಿಜವಾದ ವಿಷ ಕಲಸುವಾಗ ಲಿಸಾಂದ್ರೋ ಕೇಳಿದನಂತೆ, "ಏನ್ ಅಬ್ದೋನ್, ಮಗ ಹಾಕಿದ ಕೈ, ಅಪ್ಪ ಹಾಕ್ತಾನಾ?" ಎಂದು. ಮಗನನ್ನು ಊರು ಸುಳ್ಳುಗಾರ ಅನ್ನಬಾರದೆಂದು ಅಪ್ಪ ಅಂದು ತೋಳು ಇಳಿಸಿದ. ಮೂರು ವರ್ಷದಿಂದ ಇಳಿಸುತ್ತಿದ್ದಾನೆ. ಅವನನ್ನು ನಾನು ಕತ್ತೆ ಅಂದಿದ್ದೆ.

ಮೇಲೆ ಕೇಳಿದ ಎರಡು ಸಾಲು ಬೇಡ. ಭಾನುವಾರ ಪೂಜೆ ಮುಗಿದು ಗಂಡಸರೆಲ್ಲ ಚರ್ಚಿನ ಗೋಡೆಯ ಬಳಿ ನಿಲ್ಲುವ ಹೊತ್ತಿಗೆ ನೀನೇ ಬಾ. ಅದು ನೀರಾಗಿತ್ತು ಎಂದು ಅಪ್ಪನ ಎದುರಿಗೇ ಹೇಳು. ಸೋಮವಾರ ಬೆಳಿಗ್ಗೆ ಮತ್ತೆ ಸಿಂಪಡಿಸುವುದಿದೆ. ನಾನೇ ಹೇಳಿಬಿಡುತ್ತಿದ್ದೆ, ಓಲ್ಮೆದೋ, ನಾಲಗೆ ತುದಿಯಲ್ಲಿದೆ. ಆದರೆ ನಾನು ಹೇಳಿದರೆ, ನನ್ನ ಮಾತು ಸುಳ್ಳು ಮಾಡಲೆಂದೇ ಅಪ್ಪ ಭುಜದವರೆಗೆ ಇಳಿಸುತ್ತಾನೆ.